ಗಣಕದ ಕೈಗೆಟಕುವ ನೆನಪು

ಮಲೆನಾಡಿನ ಗೃಹಿಣಿ ಪ್ರತಿ ಹೊತ್ತಿನ ಅನ್ನಕ್ಕೂ ಉಗ್ರಾಣದ ಬಾಗಿಲು ತೆರೆಯುವುದಿಲ್ಲ. ನಾಲ್ಕು ದಿನಕ್ಕೆ ಸಾಲುವಷ್ಟು ಅಕ್ಕಿಯನ್ನು ಅಡುಗೆಮನೆಯ ಡಬ್ಬಿಯಲ್ಲಿ ತುಂಬಿಟ್ಟಿರುತ್ತಾಳೆ. ಗಣಕಗಳಲ್ಲಿಯೂ ಇಂಥದೊಂದು ಡಬ್ಬಿಯುಂಟು. ಅದರ ಹೆಸರು ಕ್ಯಾಷ್.

ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. ಅಂಥ ಸೇವೆಯೊಂದನ್ನು ನಾವು ಜಾವಾ ಭಾಷೆಯ ಸ್ಪ್ರಿಂಗ್ ಚೌಕಟ್ಟಿನಲ್ಲಿ ರಚಿಸುತ್ತಿರುವೆವೆಂದು ಭಾವಿಸೋಣ. ಕಡಹಿನಬೈಲಿನ ರೈತನೊಬ್ಬನು ತನ್ನ ಪಹಣಿಯನ್ನು ಕೇಳುತ್ತಾನೆ. ಮೂಲ ದತ್ತಸಂಗ್ರಹದಿಂದ ಅದನ್ನು ತರಲು 10 ಮಿಲಿಸೆಕೆಂಡು, ಕ್ಯಾಷಿನಿಂದ ತರಲು 1 ಮಿಲಿಸೆಕೆಂಡು ಬೇಕೆನ್ನೋಣ. 100 ಕೋರಿಕೆಗಳಲ್ಲಿ 90ಕ್ಕೆ ಕ್ಯಾಷಿನಲ್ಲೇ ಉತ್ತರ ದೊರೆತರೆ 90 ಮಿಲಿಸೆಕೆಂಡು. ಉಳಿದ 10 ಕೋರಿಕೆಗಳು ಮೊದಲು ಕ್ಯಾಷಿನಲ್ಲಿ ವೃಥಾ ಹುಡುಕುವುದರಿಂದ ತಲಾ 11, ಒಟ್ಟು 110. ಸರಾಸರಿ 2 ಮಿಲಿಸೆಕೆಂಡು. ಕಾಲವು ಐದನೆಯ ಒಂದು ಪಾಲಿಗೆ ಇಳಿಯಿತು!

ಕೋರಿಕೆಗಳು ಹೆಚ್ಚಿದಾಗ ಒಂದೇ ಗಣಕ ಸಾಲದು. ಹಲವು ಗಣಕಗಳು ತಮ್ಮತಮ್ಮ ಕ್ಯಾಷನ್ನು ಇಟ್ಟುಕೊಂಡರೆ, ಒಂದೇ ಸರ್ವೆ ನಂಬರಿಗೆ ಬೇರೆಬೇರೆ ಉತ್ತರಗಳು ಬರಬಹುದು. ಆದುದರಿಂದ ಎಲ್ಲಕ್ಕೂ ಸಾಮಾನ್ಯವಾದ ಹಂಚಿಕೆಯ ಕ್ಯಾಷ್ ಬೇಕಾಗುತ್ತದೆ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್ ಅಂಥದೊಂದು ಸಾಧನ. ರೆಡಿಸ್ ಗಣಕಸಮೂಹದಲ್ಲಿ 16384 ಖಾನೆಗಳಿವೆ. ಮೂರು ಗಣಕಗಳಿದ್ದರೆ ಒಂದೊಂದಕ್ಕೆ ಸುಮಾರು 5461. ಸರ್ವೆ ನಂಬರನ್ನು ನಿಶ್ಚಿತವಾದ ಗಣಿತಕ್ಕೆ ಒಳಪಡಿಸಿ, ಬಂದ ಸಂಖ್ಯೆಯನ್ನು 16384ರಿಂದ ಭಾಗಿಸಿದರೆ, ಉಳಿದ ಶೇಷವೇ ಅದರ ಖಾನೆಯ ಸಂಖ್ಯೆ. ಯಾರು ಹುಡುಕಿದರೂ ಖಾನೆ ಒಂದೇ.

ಇದನ್ನು ಸ್ಪ್ರಿಂಗಿಗೆ ಜೋಡಿಸುವುದು ಸುಲಭ. 2011ರಲ್ಲಿ ಬಂದ 3.1ನೆಯ ಆವೃತ್ತಿಯಿಂದ, ಪಹಣಿಯನ್ನು ತರುವ ಕ್ರಮವಿಧಿಯ ಮೇಲೆ ‘ಕ್ಯಾಷಬಲ್’ ಎಂಬ ಗುರುತನ್ನು ಬರೆದರಾಯಿತು. ಚೌಕಟ್ಟು ಮೊದಲು ಕ್ಯಾಷನ್ನು ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ಮಾತ್ರ ಕ್ರಮವಿಧಿಯನ್ನು ನಡೆಸಿ, ಫಲವನ್ನು ಕ್ಯಾಷಿನಲ್ಲಿಡುತ್ತದೆ.

ಆದರೆ ಅಕ್ಕಿಗೂ ಮಾಹಿತಿಗೂ ಒಂದು ಭೇದವಿದೆ. ಉಗ್ರಾಣದಲ್ಲಿ ಏನಾದರೂ ಡಬ್ಬಿಯ ಅಕ್ಕಿ ಅಕ್ಕಿಯೇ, ಮಾಹಿತಿ ಹಾಗಲ್ಲ. ಜಮೀನು ಮಾರಾಟವಾಗಿ ಖಾತೆ ಬದಲಾದರೂ ಕ್ಯಾಷಿನಲ್ಲಿ ಹಳೆಯ ಹೆಸರೇ ಉಳಿದರೆ, ಅದನ್ನು ನಂಬಿ ಬ್ಯಾಂಕು ತನ್ನದಲ್ಲದ ಜಮೀನಿನ ಮೇಲೆ ಒಬ್ಬನಿಗೆ ಸಾಲ ಕೊಡಬಹುದು. ಆದಕಾರಣ ದಾಖಲೆಯನ್ನು ತಿದ್ದುವ ಕ್ರಮವಿಧಿಗೆ ‘ಕ್ಯಾಷ್‌ಎವಿಕ್ಟ್’ ಎಂಬ ಗುರುತಿಟ್ಟು ಹಳೆಯ ಪ್ರತಿಯನ್ನು ಅಳಿಸಬೇಕು. ಅದೂ ಮೂಲದ ತಿದ್ದುಪಡಿ ಸ್ಥಿರವಾದ ಮೇಲೆಯೇ. ಮೊದಲೇ ಅಳಿಸಿದರೆ, ನಡುವೆ ಬಂದ ಓದುಗನೊಬ್ಬನಿಂದ ಹಳೆಯ ಹೆಸರು ಮತ್ತೆ ಕ್ಯಾಷಿಗೆ ಸೇರಬಹುದು. ಹೀಗಿದ್ದರೂ ತಪ್ಪು ನುಸುಳಬಹುದಾದುದರಿಂದ, ಪ್ರತಿಯೊಂದು ನಕಲಿಗೂ ಅಲ್ಪ ಆಯುಷ್ಯವನ್ನು ಗೊತ್ತುಪಡಿಸುವುದು ವಿವೇಕ. ಹಣ, ಹಕ್ಕುಗಳು ತೀರ್ಮಾನವಾಗುವಲ್ಲಿಯಾದರೋ ಮೂಲವನ್ನೇ ನೋಡಬೇಕು.

ಕ್ಯಾಷ್ ವೇಗವನ್ನು ಕೊಡುತ್ತದೆ. ಸತ್ಯಕ್ಕೆ ಸಾಕ್ಷಿ ಮೂಲ ದಾಖಲೆ ಮಾತ್ರ.