ಉಸಿರಿಗೆ ಊರುಗೋಲು

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸ್ವಭಾವದಲ್ಲಿ ಒಂದನ್ನೊಂದು ಹೋಲವು. ಚನ್ನಗಿರಿಯದು ಅಡಿಕೆ ತೋಟಗಳ ತಂಪು. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಅದರಿಂದ ಬೇರ್ಪಟ್ಟ ನ್ಯಾಮತಿ ಈಚೆಗೆ ತಾಲ್ಲೂಕಾದುದು. ಜಗಳೂರು ಮಳೆಗಾಗಿ ಮುಗಿಲು ನೋಡುವ ಸೀಮೆ. ಆದರೆ ನಡುರಾತ್ರಿಯಲ್ಲಿ ಕೂಸಿಗೆ ಉಸಿರಾಟ ಕಷ್ಟವಾದಾಗ ನಾಲ್ಕೂ ಕಡೆಯ ತಾಯಂದಿರ ಸಂಕಟ ಒಂದೇ. ಪ್ರತಿ ತಾಲ್ಲೂಕಿಗೂ ಆಸ್ಪತ್ರೆಯುಂಟು, ನಿಜ. ಮಕ್ಕಳ ತೀವ್ರ ಚಿಕಿತ್ಸೆಗೆ ಮಾತ್ರ ದಾವಣಗೆರೆಗೋ ಶಿವಮೊಗ್ಗಕ್ಕೋ ಧಾವಿಸಬೇಕಾಗುತ್ತದೆ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿಯುವ ಆ ದಾರಿಯುದ್ದಕ್ಕೂ ಮಗುವಿನ ಉಸಿರನ್ನು ಕಾಯುವ ಬಗೆ ಯಾವುದು?

‘ಮಗುವಿನ ಪಕ್ಕೆ ಎಳೆಯುತ್ತಿದೆ’ ಎಂದು ಹಿರಿಯರು ಹೇಳುವುದುಂಟು. ಅದು ಬಹು ಸೂಕ್ಷ್ಮವಾದ ಅವಲೋಕನ. ನಮ್ಮ ಶ್ವಾಸಕೋಶಗಳಲ್ಲಿ ಕೋಟ್ಯಂತರ ಪುಟ್ಟ ಗಾಳಿಗೂಡುಗಳಿವೆ. ನ್ಯುಮೋನಿಯಾ ತಗುಲಿದಾಗ ಅವುಗಳಲ್ಲಿ ದ್ರವ ತುಂಬುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನಲ್ಲಾದರೋ, ಗೂಡುಗಳ ಗೋಡೆ ಅಂಟಿಕೊಳ್ಳದಂತೆ ತಡೆಯುವ ಜಾರುವಸ್ತು ಇನ್ನೂ ಸಾಕಷ್ಟು ಸಿದ್ಧವಾಗಿರುವುದಿಲ್ಲ. ಹೊಸ ಬಲೂನನ್ನು ಊದಿದವರಿಗೆ ಗೊತ್ತು: ಮೊದಲ ಊದು ಬಲು ಕಷ್ಟ, ಸ್ವಲ್ಪ ಹಿಗ್ಗಿದ ಮೇಲೆ ಸುಲಭ. ಇಂಥ ಶಿಶು ಪ್ರತಿಯೊಂದು ಉಸಿರಿಗೂ ಹೊಸ ಬಲೂನನ್ನೇ ಊದಬೇಕು. ಆಗ ಅದು ನರಳತೊಡಗುತ್ತದೆ. ಆ ನರಳಿಕೆ ಬರಿಯ ನೋವಿನ ದನಿಯಲ್ಲ. ಗಂಟಲನ್ನು ಅರೆ ಮುಚ್ಚಿ, ಹೊರಹೋಗುವ ಗಾಳಿಯನ್ನು ತುಸು ತಡೆಹಿಡಿದು, ಗೂಡುಗಳು ಮುಚ್ಚದಂತೆ ಶಿಶು ಹೂಡುವ ಉಪಾಯ ಅದು. ಯಾರೂ ಕಲಿಸಿಕೊಟ್ಟದ್ದಲ್ಲ!

ಇದೇ ಕೆಲಸವನ್ನು ಮಗುವಿನ ಪರವಾಗಿ ಉಪಕರಣದಿಂದ ಮಾಡಿಸಿದವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಅವರ ಸಂಗಡಿಗರು. ತಾವು ಚಿಕಿತ್ಸೆ ನೀಡಿದ 20 ಶಿಶುಗಳಲ್ಲಿ 16 ಬದುಕಿದುವೆಂದು ಅವರು 1971ರಲ್ಲಿ ಪ್ರಕಟಿಸಿದರು. ಅವರು ಹೆಚ್ಚಾಗಿ ಗಂಟಲೊಳಗೆ ಕೊಳವೆ ಇಳಿಸಿಯೇ ಒತ್ತಡ ಕೊಟ್ಟರು. ಕ್ರಮೇಣ ಅದರ ಅಗತ್ಯವಿಲ್ಲದೆ, ಮೂಗಿನ ಹೊಳ್ಳೆಗಳಿಗೆ ಮೃದುವಾದ ನಳಿಕೆಗಳನ್ನಿಟ್ಟು ಗಾಳಿ ಹರಿಸುವ ಕ್ರಮ ಬಂದಿತು. ಇದನ್ನು ‘ಸಿಪ್ಯಾಪ್’ ಎಂದು ಕರೆಯುತ್ತಾರೆ.

ಇದರ ಅತಿ ಸರಳ ರೂಪಕ್ಕೆ ಬೇಕಾದುದು ಒಂದು ಬಾಟಲಿ ನೀರು. ಆಮ್ಲಜನಕ ಬೆರೆತ ಗಾಳಿ ಎಡೆಬಿಡದೆ ಮೂಗಿನತ್ತ ಹರಿಯುತ್ತದೆ. ಹೊರಬರುವ ಕೊಳವೆಯ ತುದಿ ನೀರಿನಲ್ಲಿ ಮುಳುಗಿರುತ್ತದೆ. ತುದಿ 5 ಸೆಂಟಿಮೀಟರ್ ಆಳದಲ್ಲಿದ್ದರೆ, ಅಷ್ಟು ನೀರನ್ನು ತಳ್ಳಿಯೇ ಗಾಳಿ ಗುಳ್ಳೆಯಾಗಿ ಮೇಲೇಳಬೇಕು. ಹೆಚ್ಚು ಕಡಿಮೆ ಅಷ್ಟೇ ಒತ್ತಡ ಶ್ವಾಸಮಾರ್ಗದಲ್ಲಿ ನಿಲ್ಲುತ್ತದೆ. ಬಾಂಗ್ಲಾದೇಶದ ವೈದ್ಯ ಮೊಹಮ್ಮದ್ ಜೋಬಾಯೆರ್ ಚಿಸ್ತಿಯವರು 1996ರಲ್ಲಿ ಒಂದೇ ರಾತ್ರಿ ಮೂರು ಮಕ್ಕಳು ನ್ಯುಮೋನಿಯಾದಿಂದ ಸಾಯುವುದನ್ನು ಕಂಡಿದ್ದರು. ಮುಂದೆ ಅವರು ಢಾಕಾದಲ್ಲಿ ಶಾಂಪೂ ಬಾಟಲಿಯಿಂದಲೇ ಇಂಥ ಸಾಧನವನ್ನು ರಚಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕಡಿಮೆ ಹರಿವಿನ ಆಮ್ಲಜನಕವಷ್ಟೇ ದೊರೆತ ಮಕ್ಕಳಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡರೆ, ಗುಳ್ಳೆಯ ಸಾಧನ ದೊರೆತವರಲ್ಲಿ ತೀರಿಕೊಂಡವರು ನೂರಕ್ಕೆ 4 ಮಾತ್ರ.

ದಾರಿಯ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಒಂದು ಉತ್ತರ ಮೂಡಿತು. ಬೆಂಗಳೂರಿನಲ್ಲಿ ಎಂಜಿನಿಯರ್ ನಿತೇಶ್ ಕುಮಾರ್ ಜಾಂಗೀರ್ ಮತ್ತು ಸಂಗಡಿಗರು ‘ಸಾನ್ಸ್’ ಎಂಬ ಉಪಕರಣವನ್ನು ರೂಪಿಸಿದರು. ಈ ಹಿಂದಿ ಮಾತಿಗೆ ಉಸಿರು ಎಂದೇ ಅರ್ಥ. ಅದು ವಿದ್ಯುತ್ತಿನಿಂದ ನಡೆಯುತ್ತದೆ, ಅದಿಲ್ಲವಾದರೆ ಬ್ಯಾಟರಿಯಿಂದ, ಅದೂ ಇಲ್ಲವಾದರೆ ಕೈಯಿಂದ ಗಾಳಿ ಒತ್ತಿಯೂ ನಡೆಸಬಹುದು. ಈ ಕಾರ್ಯಕ್ಕಾಗಿ 2019ರಲ್ಲಿ ಅವರಿಗೆ ಕಾಮನ್‌ವೆಲ್ತ್ ಪ್ರಶಸ್ತಿ ಸಂದಿತು.

ಇಷ್ಟಾದರೂ ಉಪಕರಣವೊಂದೇ ಸಾಲದು. ಆಫ್ರಿಕದ ಮಲಾವಿ ದೇಶದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ವೈದ್ಯರ ದೈನಂದಿನ ಮೇಲ್ವಿಚಾರಣೆಯಿಲ್ಲದೆ, ತೀವ್ರ ನ್ಯುಮೋನಿಯಾದ 644 ಮಕ್ಕಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಫಲ ತಿರುವುಮುರುವಾಯಿತು: ಸಿಪ್ಯಾಪ್ ಪಡೆದವರಲ್ಲಿ ನೂರಕ್ಕೆ 17, ಸಾಮಾನ್ಯ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 11 ಮಕ್ಕಳು ಸಾವಿಗೀಡಾದರು. ಒತ್ತಡ ಮಿತಿಮೀರಿದರೆ ಶ್ವಾಸಕೋಶ ಒಡೆಯಬಹುದು. ಗಾಳಿ ಹೊಟ್ಟೆಗೆ ಸೇರಿ ವಾಂತಿಯಾಗಬಹುದು. ಉಸಿರಾಡಲು ತಾನೇ ಯತ್ನಿಸದ ಮಗುವಿಗಂತೂ ಇದು ಆಗದು. ಆದಕಾರಣ ದಾದಿಯು ಮಗುವಿನ ಬಳಿಯಲ್ಲಿಯೇ ಇದ್ದು ಆಗಾಗ ಉಸಿರನ್ನೆಣಿಸುತ್ತಾಳೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕೂ ಮಿಗಿಲಾದ ಉಸಿರು ಅಪಾಯದ ಸೂಚನೆ. ಬಾಟಲಿಯಲ್ಲಿ ಗುಳ್ಳೆ ನಿಂತರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ತಿಳಿದು ನಳಿಕೆಯನ್ನು ಸರಿಪಡಿಸುತ್ತಾಳೆ.

ಪಕ್ಕೆಯ ಎಳೆತ ನಿಂತು ಮಗು ಚೇತರಿಸಿಕೊಂಡಂತೆ, ಒತ್ತಡವನ್ನು ತಗ್ಗಿಸಿ ಕೊನೆಗೆ ನಳಿಕೆಯನ್ನು ತೆಗೆಯುತ್ತಾರೆ. ಮೂಗಿನ ಬುಡದಲ್ಲಿ ಕೆಂಪು ಗುರುತೊಂದು ಕೆಲವು ದಿನ ಉಳಿಯುವುದುಂಟು.