ಐದು ನುಡಿ, ಒಂದು ಪುಟ: ಗಗನಸಖಿಯ ಉದ್ಯೋಗಕ್ಕೆ ಸ್ವವಿವರ ಬರೆಯುವ ಬಗೆ

ಕಳೆದ ಅಧ್ಯಯನ ವರ್ಷದ ಕೊನೆಯಲ್ಲಿ ಕನ್ನಡ ಪದವಿಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಲ್ಲಿ ವಿಮಾನಯಾನ ಸಂಸ್ಥೆಯೊಂದರ ಸಂದರ್ಶನ ಮುಗಿಸಿ ನೇರವಾಗಿ ವಿಭಾಗಕ್ಕೆ ಬಂದಳು. ಆಯ್ಕೆಯಾಗಿರಲಿಲ್ಲ. ಅವಳ ಕೈಯಲ್ಲಿದ್ದ ಸ್ವವಿವರ ಪತ್ರದಲ್ಲಿ, ಎಂದರೆ ಎಲ್ಲರೂ ರೆಸ್ಯೂಮ್ ಎನ್ನುವ ಆ ಎರಡು ಹಾಳೆಗಳಲ್ಲಿ, ‘ಭಾಷೆಗಳು’ ಎಂಬ ಶೀರ್ಷಿಕೆಯ ಕೆಳಗೆ ಇಂಗ್ಲಿಷ್, ಹಿಂದಿ ಎಂದಷ್ಟೇ ಇತ್ತು. ಎರಡರ ಮುಂದೆಯೂ ‘ನಿರರ್ಗಳ’ ಎಂದಿತ್ತು. ಸಂದರ್ಶಕರು ಹಿಂದಿಯಲ್ಲಿ ಒಂದು ಪ್ರಕಟಣೆ ಮಾಡಿ ತೋರಿಸಲು ಹೇಳಿದ್ದರು. ಎರಡನೆಯ ವಾಕ್ಯಕ್ಕೇ ಮಾತು ನಿಂತುಹೋಗಿತ್ತು.

‘ಮನೆಯಲ್ಲಿ ಯಾವ ಭಾಷೆ?’ ಎಂದು ಕೇಳಿದೆ. ತುಳು. ‘ಕಲಿತದ್ದು?’ ಕನ್ನಡದಲ್ಲಿ. ‘ಪೇಟೆಯಲ್ಲಿ?’ ಮಲಯಾಳ. ‘ಅವು ಮೂರೂ ಇದರಲ್ಲಿ ಏಕಿಲ್ಲ?’ ಎಂದಾಗ ಅವಳೆಂದಳು: ‘ವಿಮಾನದ ಕೆಲಸಕ್ಕೆ ತುಳು, ಕನ್ನಡ ಅಂತ ಬರೆದರೆ ನಗ್ತಾರೇನೋ ಸರ್.’

ಬಲ್ಲದ್ದನ್ನು ಬಚ್ಚಿಟ್ಟು ಬಾರದ್ದನ್ನು ಬರೆದದ್ದು ಅವಳೊಬ್ಬಳ ತಪ್ಪಲ್ಲ. ಗಡಿನಾಡಿನ ನಮ್ಮ ಅನೇಕ ಮಕ್ಕಳು ಹೀಗೆಯೇ ಬರೆಯುತ್ತಾರೆ. ಆದ್ದರಿಂದ ಈ ಪಾಠ.

ಮೊದಲು, ಉದ್ಯೋಗವನ್ನು ಅರಿಯುವುದು

‘ಗಗನಸಖಿ’ ಎಂಬುದು ಇಂಪಾದ ಪದ. ಆದರೆ ಅದು ಉದ್ಯೋಗದ ಅರ್ಧವನ್ನಷ್ಟೇ ಹೇಳುತ್ತದೆ. ಆ ಹುದ್ದೆಯಲ್ಲಿ ಪುರುಷರೂ ಇದ್ದಾರೆಂಬುದನ್ನು ಅದು ಮರೆಸುತ್ತದೆ. ನಗುಮೊಗದ ಉಪಚಾರವೇ ಕೆಲಸವೆಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ೧೯೩೦ರ ಮೇ ೧೫ರಂದು ಅಮೆರಿಕದಲ್ಲಿ ಮೊದಲ ವಿಮಾನ ಪರಿಚಾರಿಕೆಯಾಗಿ ಹಾರಿದ ಎಲೆನ್ ಚರ್ಚ್ ತರಬೇತಿ ಪಡೆದ ದಾದಿ. ಪ್ರಯಾಣಿಕರ ಕ್ಷೇಮವೇ ಈ ವೃತ್ತಿಯ ಮೂಲದಲ್ಲಿತ್ತು.

ಇಂದಿನ ನಿಯಮಗಳೂ ಅದನ್ನೇ ಹೇಳುತ್ತವೆ. ನಮ್ಮ ದೇಶದಲ್ಲಿ ಪ್ರತಿ ೫೦ ಆಸನಗಳಿಗೆ ಕನಿಷ್ಠ ಒಬ್ಬ ಪರಿಚಾರಕರು ಇರಲೇಬೇಕು. ೧೮೦ ಆಸನಗಳ ವಿಮಾನದಲ್ಲಿ ನಾಲ್ವರು ಇರುವುದು ಆ ಲೆಕ್ಕದಿಂದ. ಊಟ ಬಡಿಸುವ ಅನುಕೂಲದಿಂದಲ್ಲ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಮಾನ್ಯತೆ ದೊರೆಯಬೇಕಾದರೆ, ಅರ್ಧದಷ್ಟು ನಿರ್ಗಮನ ದ್ವಾರಗಳನ್ನು ಮಾತ್ರ ಬಳಸಿ ಎಲ್ಲರನ್ನೂ ೯೦ ಸೆಕೆಂಡುಗಳೊಳಗೆ ಹೊರಗೆ ತರಬಹುದೆಂದು ತೋರಿಸಬೇಕು. ಹಾಗೆ ತರುವವರು ಪರಿಚಾರಕರೇ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ನೀರಿಗಿಳಿದ ವಿಮಾನದಿಂದ ಜನರನ್ನು ಪಾರುಮಾಡುವುದು, ಇವೆಲ್ಲ ಅವರ ತರಬೇತಿಯ ವಿಷಯಗಳು. ೧೯೮೬ರ ಸೆಪ್ಟೆಂಬರ್ ೫ರಂದು ಕರಾಚಿಯಲ್ಲಿ ಅಪಹೃತ ವಿಮಾನದ ತುರ್ತುದ್ವಾರ ತೆರೆದು ಪ್ರಯಾಣಿಕರನ್ನು ಹೊರಗೆ ಕಳುಹಿಸುತ್ತ ಪ್ರಾಣ ತೆತ್ತ ನೀರಜಾ ಭನೋಟ್ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದದ್ದು ಇದೇ ಕರ್ತವ್ಯಕ್ಕಾಗಿ.

ಕಾಸರಗೋಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನವು ರನ್‌ವೇಯ ಅಂಚು ದಾಟಿ ಕಣಿವೆಗೆ ಉರುಳಿದಾಗ ೧೫೮ ಮಂದಿ ಮಡಿದರು. ಎಂಟು ಮಂದಿ ಮಾತ್ರ ಉಳಿದರು. ಮಡಿದವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು; ಪರಿಚಾರಕರೂ ಪೈಲಟರೂ ಸೇರಿ ಆರು ಮಂದಿ ಸಿಬ್ಬಂದಿಯೂ ಇದ್ದರು. ಈ ಹುದ್ದೆಗೆ ಅರ್ಜಿ ಬರೆಯುವವರು ಅದರ ತೂಕವನ್ನು ಬಲ್ಲವರಾಗಿ ಬರೆಯಬೇಕು.

ಎರಡನೆಯದಾಗಿ, ಓದುವವರನ್ನು ಅರಿಯುವುದು

ಕಾವ್ಯಮೀಮಾಂಸೆಯ ತರಗತಿಯಲ್ಲಿ ಔಚಿತ್ಯವನ್ನು ಕುರಿತು ಓದಿದ್ದೇವೆ. ಸ್ವವಿವರದ ಮೊದಲ ಗುಣವೂ ಅದೇ. ನಿಮ್ಮ ಪತ್ರವನ್ನು ಕೈಗೆತ್ತಿಕೊಳ್ಳುವವರ ಮುಂದೆ ಅಂಥ ಪತ್ರಗಳ ರಾಶಿಯೇ ಇರುತ್ತದೆ. ಅವರು ಮೊದಲು ನೋಡುವುದು ನಿಮ್ಮ ವ್ಯಕ್ತಿತ್ವವನ್ನಲ್ಲ, ಕನಿಷ್ಠ ಅರ್ಹತೆಯನ್ನು. ಭಾರತದಲ್ಲಿ ಪರಿಚಾರಕರಿಗೆ ೧೮ ವರ್ಷ ತುಂಬಿರಬೇಕು, ಪ್ಲಸ್ ಟು ತೇರ್ಗಡೆಯಾಗಿರಬೇಕು. ಇದರ ಮೇಲೆ ಒಂದೊಂದು ಸಂಸ್ಥೆಯೂ ತನ್ನದೇ ನಿಬಂಧನೆಗಳನ್ನು ಇಡುತ್ತದೆ. ಎಮಿರೇಟ್ಸ್ ಸಂಸ್ಥೆಯು ೨೧ ವರ್ಷ, ೧೬೦ ಸೆಂ.ಮೀ. ಎತ್ತರ ಮತ್ತು ೨೧೨ ಸೆಂ.ಮೀ. ಎತ್ತರವನ್ನು ಕೈಯಿಂದ ಮುಟ್ಟುವ ಸಾಮರ್ಥ್ಯವನ್ನು ಕೇಳುತ್ತದೆ. ಇದು ಅಂದಚೆಂದದ ಮಾತಲ್ಲ. ತಲೆಯ ಮೇಲಿನ ಗೂಡಿನಲ್ಲಿರುವ ತುರ್ತು ಸಲಕರಣೆ ಕೈಗೆಟುಕಬೇಕಲ್ಲವೆ? ಆದುದರಿಂದ ಜಾಹೀರಾತನ್ನು ಎರಡು ಬಾರಿ ಓದಿ, ಅದು ಕೇಳಿದ ವಿವರಗಳೆಲ್ಲ ಪುಟದ ಮೇಲ್ಭಾಗದಲ್ಲಿಯೇ ಕಾಣುವಂತೆ ಬರೆಯಬೇಕು: ಹೆಸರು, ದೂರವಾಣಿ, ಮಿಂಚಂಚೆ, ಹುಟ್ಟಿದ ದಿನಾಂಕ, ಎತ್ತರ, ಪಾಸ್‌ಪೋರ್ಟಿನ ಅವಧಿ.

ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಬರಿಯ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಆಧಾರ್‌ನಲ್ಲಿ ಮನೆತನದ ಹೆಸರು, ಹೀಗೆ ಒಬ್ಬರಿಗೆ ಮೂರು ಹೆಸರುಗಳಿರುವುದು ಇಲ್ಲಿ ಅಪರೂಪವಲ್ಲ. ಸ್ವವಿವರದಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರನ್ನು ಬರೆಯಿರಿ. ಪ್ರಮಾಣಪತ್ರಗಳೊಂದಿಗೆ ಅದು ಹೊಂದದಿದ್ದರೆ ಅರ್ಜಿಗೆ ಮುನ್ನವೇ ಸರಿಪಡಿಸಿಕೊಳ್ಳಿರಿ.

ಮೂರನೆಯದಾಗಿ, ವಾಕ್ಯವನ್ನು ಕಟ್ಟುವುದು

ಪತ್ರವು ಇಂಗ್ಲಿಷಿನಲ್ಲಿಯೇ ಹೋಗುತ್ತದೆ. ಆದರೆ ಅದರ ಚಿಂತನೆಯನ್ನು ಕನ್ನಡದಲ್ಲಿ ಮಾಡಿದರೆ ತಪ್ಪಿಲ್ಲ. ಬೇರೆಯವರ ಪತ್ರದಿಂದ ಎತ್ತಿದ ವಾಕ್ಯಗಳು ತಾವಾಗಿಯೇ ಉದುರುತ್ತವೆ. ಆ ವಿದ್ಯಾರ್ಥಿನಿಯ ಮೊದಲ ಪುಟದಲ್ಲಿ ಹೀಗಿತ್ತು:

‘ನಾನು ಪರಿಶ್ರಮಿ, ಆತ್ಮವಿಶ್ವಾಸಿ, ಸದಾ ಹಸನ್ಮುಖಿ, ತಂಡದೊಡನೆ ಬೆರೆಯಬಲ್ಲವಳು.’

ಇಲ್ಲಿರುವುದೆಲ್ಲ ವಿಶೇಷಣಗಳು. ವಿಶೇಷಣವನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳಬಹುದು; ಅದಕ್ಕೆ ಸಾಕ್ಷಿ ಬೇಕಿಲ್ಲ. ಕ್ರಿಯಾಪದಕ್ಕೆ ಸಾಕ್ಷಿ ಬೇಕು. ಏನು ಮಾಡಿದಿರಿ, ಎಲ್ಲಿ, ಎಷ್ಟು ಕಾಲ, ಯಾರಿಗಾಗಿ ಎಂಬ ನಾಲ್ಕು ಪ್ರಶ್ನೆಗಳನ್ನು ಅವಳಿಗೆ ಕೇಳಿದೆ. ‘ಅನುಭವ ಏನೂ ಇಲ್ಲ’ ಎಂದವಳು ಸ್ವಲ್ಪ ಹೊತ್ತಿನ ಮೇಲೆ, ರಜಾದಿನಗಳಲ್ಲಿ ಬದಿಯಡ್ಕದ ಬಳಿ ಮಾವನ ಹೋಟೆಲಿನಲ್ಲಿ ನಿಲ್ಲುತ್ತಿದ್ದೆನೆಂದಳು. ಆಗ ಹುಟ್ಟಿದ ವಾಕ್ಯ ಇದು:

‘ಕುಟುಂಬದ ಹೋಟೆಲಿನಲ್ಲಿ ಎರಡು ವರ್ಷ, ವಾರಾಂತ್ಯ ಮತ್ತು ರಜಾದಿನಗಳಲ್ಲಿ ದುಡಿಮೆ; ಬಡಿಸುವುದು, ಹಣ ಪಡೆಯುವುದು, ಗಿರಾಕಿಗಳ ದೂರು ಕೇಳಿ ಪರಿಹರಿಸುವುದು; ತುಳು, ಕನ್ನಡ, ಮಲಯಾಳಗಳಲ್ಲಿ ವ್ಯವಹಾರ.’

ಇದರಲ್ಲಿ ‘ಪರಿಶ್ರಮಿ’ ಎಂಬ ಪದವಿಲ್ಲ, ಪರಿಶ್ರಮವಿದೆ. ಹೀಗೆಯೇ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದಲ್ಲಿ ಅಡುಗೆಯ ಹೊಣೆ ಹೊತ್ತದ್ದು, ಎನ್.ಸಿ.ಸಿ.ಯ ‘ಬಿ’ ಅಥವಾ ‘ಸಿ’ ಪ್ರಮಾಣಪತ್ರ, ಪ್ರಥಮ ಚಿಕಿತ್ಸೆಯ ತರಬೇತಿ, ಕಾಲೇಜಿನ ಸಮಾರಂಭಗಳ ನಿರೂಪಣೆ, ಯಕ್ಷಗಾನದ ವೇದಿಕೆಯಲ್ಲಿ ಪಳಗಿದ ದನಿ, ಇವೆಲ್ಲ ಈ ಉದ್ಯೋಗಕ್ಕೆ ಸಲ್ಲುವ ಸಾಕ್ಷಿಗಳು. ಚಂದ್ರಗಿರಿ ಹೊಳೆಯ ದಡದಲ್ಲಿ ಬೆಳೆದವರು ಈಜು ಬಲ್ಲೆವೆಂಬುದನ್ನು ಎಂದೂ ಬರೆಯುವುದಿಲ್ಲ. ನೀರಿನ ತುರ್ತಿಗೆ ಸಿದ್ಧರಾಗಬೇಕಾದ ಹುದ್ದೆಗೆ ಅದಕ್ಕಿಂತ ಸಹಜವಾದ ಅರ್ಹತೆ ಯಾವುದು?

ಒಂದು ನಿಯಮ: ಬರೆದ ಪ್ರತಿಯೊಂದು ಸಾಲಿನ ಹಿಂದೆಯೂ ಎರಡು ನಿಮಿಷ ಹೇಳಬಹುದಾದ ನಿಜವಾದ ಘಟನೆಯೊಂದು ಇರಬೇಕು. ಸಂದರ್ಶಕರು ಕೇಳುವುದು ಅದನ್ನೇ. ಘಟನೆ ನೆನಪಾಗದಿದ್ದರೆ ಸಾಲನ್ನು ಹೊಡೆದುಹಾಕಿರಿ.

ನಾಲ್ಕನೆಯದಾಗಿ, ನುಡಿಗಳನ್ನು ನಮೂದಿಸುವುದು

ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಬಹುಭಾಷಾ ಪಂಡಿತರಾದ ಗೋವಿಂದ ಪೈಗಳು ಬಾಳಿದ ಮಂಜೇಶ್ವರವೂ ಇಲ್ಲಿಯೇ ಇದೆ. ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುವ ನಾವು ಅರ್ಜಿ ಬರೆಯುವಾಗ ಮಾತ್ರ ನಾಚುತ್ತೇವೆ. ಕಣ್ಣೂರು, ಮಂಗಳೂರುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹಾರುವ ವಿಮಾನದಲ್ಲಿ, ಮಗನ ಮನೆಗೆ ಮೊದಲ ಬಾರಿ ಹೊರಟ ಅಜ್ಜಿಯೊಬ್ಬರು ಕುಳಿತಿರುವರೆಂದು ಭಾವಿಸಿರಿ. ಇಂಗ್ಲಿಷ್, ಹಿಂದಿಗಳ ಸೂಚನೆ ಅವರಿಗೆ ಬರಿಯ ಸದ್ದು. ‘ಅಮ್ಮಾ, ಬೆಲ್ಟ್ ಹೀಗೆ ಬಿಚ್ಚಬೇಕು, ಬಾಗಿಲು ನಿಮ್ಮ ಹಿಂದಿದೆ’ ಎಂದು ಅವರ ನುಡಿಯಲ್ಲಿ ಹೇಳಬಲ್ಲ ಒಬ್ಬರು ಅಲ್ಲಿರುವುದು ಅಲಂಕಾರವಲ್ಲ, ಸುರಕ್ಷತೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ, ಯಾವುದು ಬಲ್ಲಿರೋ ಅದನ್ನು ಬರೆಯಿರಿ.

ಆದರೆ ಬಲ್ಲಷ್ಟನ್ನೇ ಬರೆಯಿರಿ. ಮಾತನಾಡುವುದು, ಓದುವುದು, ಬರೆಯುವುದು ಎಂದು ಬಿಡಿಸಿ ತೋರಿಸಿರಿ. ಆ ವಿದ್ಯಾರ್ಥಿನಿಯ ಹೊಸ ಪತ್ರದಲ್ಲಿ ಹೀಗಿದೆ: ತುಳು, ಮಾತೃಭಾಷೆ; ಕನ್ನಡ, ಓದು ಬರಹ ಮಾತು ಮೂರರಲ್ಲಿಯೂ ಪೂರ್ಣ, ಪದವಿಯ ವಿಷಯ; ಮಲಯಾಳ, ಮಾತು ನಿರರ್ಗಳ, ಓದು ನಿಧಾನ; ಇಂಗ್ಲಿಷ್, ವ್ಯವಹಾರಕ್ಕೆ ಸಾಕಷ್ಟು; ಹಿಂದಿ, ಕಲಿಯುತ್ತಿರುವುದು. ‘ಕಲಿಯುತ್ತಿರುವುದು’ ಎಂದು ಬರೆಯಲು ಅವಳು ಬಹಳ ಹಿಂಜರಿದಳು. ಹಿಂದಿಯ ಕೊರತೆ ಸಣ್ಣದಲ್ಲ ನಿಜ, ಆದರೆ ಒಂದು ಭಾಷೆ ಸಾಲದೆಂಬುದನ್ನು ಸಂದರ್ಶಕರು ಮನ್ನಿಸಿಯಾರು. ಪತ್ರದ ಮಾತು ಸುಳ್ಳೆಂದು ಕಂಡ ಬಳಿಕ ಉಳಿದ ಯಾವ ಸಾಲನ್ನೂ ನಂಬಲಾರರು.

ಕೊನೆಯದಾಗಿ, ಬಿಡಬೇಕಾದದ್ದು

ಜಾತಿ, ಮತ, ತಂದೆಯ ಉದ್ಯೋಗ, ಆಧಾರ್ ಸಂಖ್ಯೆ ಇವು ಕೇಳದೆ ಕೊಡುವ ವಿವರಗಳಲ್ಲ. ಹೂಬಳ್ಳಿಯ ಅಂಚು, ಬಣ್ಣಬಣ್ಣದ ಅಕ್ಷರಗಳು ಬೇಡ. ಹೊಸಬರಿಗೆ ಒಂದು ಪುಟ ಸಾಕು. ಭಾವಚಿತ್ರವನ್ನು ಜಾಹೀರಾತು ಕೇಳಿದ ಬಗೆಯಲ್ಲಿಯೇ, ಸಾದಾ ಹಿನ್ನೆಲೆಯಲ್ಲಿ, ತಿದ್ದದೆ ಕೊಡಿರಿ. ಪತ್ರವನ್ನು ಪಿ.ಡಿ.ಎಫ್. ರೂಪದಲ್ಲಿ, ಕಡತಕ್ಕೆ ನಿಮ್ಮ ಹೆಸರನ್ನೇ ಇಟ್ಟು ಕಳುಹಿಸಿರಿ. ನೋಂದಣಿಗೆಂದೋ ಸಮವಸ್ತ್ರಕ್ಕೆಂದೋ ಸಂದರ್ಶನಕ್ಕೆ ಮೊದಲೇ ಹಣ ಕೇಳುವವರು ಬಂದರೆ ಅಲ್ಲಿಗೇ ನಿಲ್ಲಿರಿ. ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ಎಂದು ನೀವೇ ನೋಡಿರಿ.

ಆ ವಿದ್ಯಾರ್ಥಿನಿಯ ಪತ್ರ ಈಗ ಒಂದು ಪುಟವಾಗಿದೆ. ಸಂಜೆಗಳಲ್ಲಿ ಅವಳು ಹಿಂದಿ ವಿಭಾಗದ ಗೆಳತಿಯೊಡನೆ ಪ್ರಕಟಣೆಗಳನ್ನು ಗಟ್ಟಿಯಾಗಿ ಓದುತ್ತಿದ್ದಾಳೆ. ಮುಂದಿನ ಸಂದರ್ಶನ ಇನ್ನೂ ನಡೆಯಬೇಕಿದೆ. ಫಲ ಏನೇ ಆಗಲಿ, ಈ ಬಾರಿ ಆ ಪುಟದಲ್ಲಿರುವುದು ಅವಳೇ.

ಅಭ್ಯಾಸ

೧. ನಿಮ್ಮನ್ನು ಕುರಿತ ಐದು ವಿಶೇಷಣಗಳನ್ನು ಬರೆಯಿರಿ. ಒಂದೊಂದನ್ನೂ ಅಳಿಸಿ, ಅದಕ್ಕೆ ಸಾಕ್ಷಿಯಾಗುವ ಒಂದು ಕ್ರಿಯಾವಾಕ್ಯವನ್ನು ಅಲ್ಲಿ ಇಡಿರಿ.

೨. ನೀವು ಬಲ್ಲ ಎಲ್ಲ ಭಾಷೆಗಳ ಪಟ್ಟಿ ಮಾಡಿ, ಮಾತು, ಓದು, ಬರಹಗಳ ಮಟ್ಟವನ್ನು ಪ್ರಾಮಾಣಿಕವಾಗಿ ಗುರುತಿಸಿರಿ.

೩. ‘ನಿಮ್ಮ ಸೀಟ್ ಬೆಲ್ಟ್ ಕಟ್ಟಿಕೊಂಡಿರಿ’ ಎಂಬ ಸೂಚನೆಯನ್ನು, ಮೊದಲ ಬಾರಿ ವಿಮಾನವೇರಿದ ನಿಮ್ಮ ಅಜ್ಜಿಗೆ ಮನೆಮಾತಿನಲ್ಲಿ ಹೇಗೆ ಹೇಳುವಿರಿ? ಮೂರು ವಾಕ್ಯಗಳಲ್ಲಿ ಬರೆದು ವಿಭಾಗಕ್ಕೆ ತಂದುಕೊಡಿರಿ.