ಸೂಜಿಗೆ ಮೊದಲು ಮಾಹಿತಿ ಇರಲಿ

ಬಸಿರಿನ ರಕ್ತಪರೀಕ್ಷೆಯ ವರದಿಯಲ್ಲಿ ‘ಹೈ ರಿಸ್ಕ್’ ಎಂದು ಬಂದಿದೆಯೇ? ಗಾಬರಿಯಾಗಬೇಡಿ. ಅದು ಸಾಧ್ಯತೆಯ ಲೆಕ್ಕವೇ ಹೊರತು ಮಗುವಿಗೆ ತೊಂದರೆ ಇದೆ ಎಂಬ ತೀರ್ಪಲ್ಲ. ಹಾಗೆ ಬಂದ ಎಷ್ಟೋ ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಸಂಶಯ ಬಗೆಹರಿಸಲು ವೈದ್ಯರು ಹೇಳುವ ಪರೀಕ್ಷೆಗಳಲ್ಲಿ ಆಮ್ನಿಯೋಸೆಂಟೆಸಿಸ್ ಒಂದು.

ಸಾಮಾನ್ಯವಾಗಿ 15ರಿಂದ 20ನೇ ವಾರದೊಳಗೆ ಇದನ್ನು ಮಾಡುತ್ತಾರೆ. ಸ್ಕ್ಯಾನಿಂಗ್ ಪರದೆಯಲ್ಲಿ ಮಗು ಎಲ್ಲಿದೆ ಎಂದು ನೋಡಿಕೊಂಡೇ ಹೊಟ್ಟೆಯ ಮೂಲಕ ತೆಳ್ಳನೆಯ ಸೂಜಿ ಇಳಿಸಿ, ಸುಮಾರು 20 ಮಿ.ಲೀ. ಗರ್ಭದ ನೀರು ತೆಗೆಯುತ್ತಾರೆ. ತಿಳಿಹಳದಿ ಬಣ್ಣದ ಆ ನೀರಿನಲ್ಲಿ ಮಗುವಿನ ಜೀವಕೋಶಗಳಿರುತ್ತವೆ. ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ದೋಷ ಅವುಗಳಿಂದ ತಿಳಿಯುತ್ತದೆ. ತಂದೆತಾಯಿ ಇಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದರೆ ಅದನ್ನೂ ಪತ್ತೆಹಚ್ಚಬಹುದು. ಆದರೆ ಎಲ್ಲ ದೋಷಗಳೂ ಇದರಲ್ಲಿ ಸಿಗುವುದಿಲ್ಲ. ಸೀಳುತುಟಿಯಂಥವಕ್ಕೆ ಸ್ಕ್ಯಾನಿಂಗೇ ಬೇಕು.

ಗರ್ಭಪಾತದ ಅಪಾಯ ಶೇ 1ಕ್ಕಿಂತ ಕಡಿಮೆ. ಆದರೂ ಅಪಾಯ ಇದ್ದೇ ಇದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ಪರೀಕ್ಷೆಯ ನಂತರ ತುಸು ಹೊಟ್ಟೆ ಹಿಡಿದಂತಾಗುವುದು ಸಹಜ. ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅದನ್ನು ತಿಳಿಸುವುದು ಅಪರಾಧ. ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ನಡೆಸುವಂತೆಯೂ ಇಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಸಂಕೋಚ ಬಿಟ್ಟು ಕೇಳಿ. ಮಾಡಿಸುವುದೋ ಬೇಡವೋ ಎಂಬ ನಿರ್ಧಾರ ನಿಮ್ಮದು.